ವಸಂತ ಕಾಕಾನ ರೊಟ್ಟಿ ಪರೀಕ್ಷೆ

ಜನಿವಾರಕ್ಕೆ ಕೀಲಿಕೈ ಕಟ್ಟಿಕೊಂಡವರನ್ನು ಬೇಕಾದಷ್ಟು ನೋಡಿದ್ದೇನೆ. ಪೆನ್‌ಡ್ರೈವ್ ಕಟ್ಟಿಕೊಂಡವರೆಂದರೆ ನಮ್ಮ ವಸಂತ ಕಾಕಾ ಒಬ್ಬರೇ. ಸ್ಪೀಕರ್ ಅಂಗಡಿ ಹೊಕ್ಕವರೇ ಅಂಗಿಯ ಎರಡು ಗುಂಡಿ ಬಿಚ್ಚಿ ಒಳಗೆ ಕೈ ಹಾಕುತ್ತಿದ್ದರು. ಮುದುಕರಿಗೆ ಎದೆನೋವು ಬಂತೆಂದು ಸೇಲ್ಸ್‌ಮನ್ ಪಾಪ ನೀರು ತರಲು ಓಡುತ್ತಿದ್ದ.

ಮುಂಬೈ ಭಾಂಡುಪಿನ ನಮ್ಮ ಬಿಲ್ಡಿಂಗಿನಲ್ಲಿ ಅವರದು ಎದುರು ಮನೆ. ಅವರು ಧಾರವಾಡದವರು, ನಾನು ಬೆಳಗಾವಿಯವನು. ಹೀಗಾಗಿ ಕಾಕಾ, ಕಾಕು ಎಂದು ಕರೆಯಲು ಯಾರೂ ಹೇಳಿಕೊಡಬೇಕಾಗಲಿಲ್ಲ. ಕಾಕಾ ಮೂವತ್ತು ವರ್ಷ ಹತ್ತಿರದ ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದರು. ಎರಕ ಹೊಯ್ದ ಕಬ್ಬಿಣಕ್ಕೆ ಸಣ್ಣ ಸುತ್ತಿಗೆಯಿಂದ ಟಣ್ಣೆಂದು ಹೊಡೆದು, ಬರೀ ಸದ್ದಿನ ಮೇಲೆ ಒಳಗಿನ ಬಿರುಕು ಹೇಳುವ ಕೆಲಸ. ನಿವೃತ್ತರಾದರೂ ಚಟ ಹೋಗಲಿಲ್ಲ. ನಮ್ಮ ಮನೆಯ ಚಹಾ ಕಪ್ಪಿಗೆ ಉಗುರಿನಿಂದ ಬಡಿದು, "ಇದು ಎರಡ ತಿಂಗಳ ಬಾಳಂಗಿಲ್ಲ ನೋಡೋ ಸುಧೀರಾ" ಎನ್ನುತ್ತಿದ್ದರು. ಸುಡುಗಾಡು, ಹಾಗೇ ಆಗುತ್ತಿತ್ತು! ಆ ಕಿವಿಯ ಮೇಲೆ ಅವರಿಗೆ ಇದ್ದ ಅಭಿಮಾನ ಮನೆ, ಪೆನ್ಷನ್ ಯಾವುದರ ಮೇಲೂ ಇರಲಿಲ್ಲ.

ಮಗಳು ಮದುವೆಯಾಗಿ ಪುಣೆಗೆ ಹೋದ ಮೇಲೆ ಅವಳ ಖೋಲಿಯನ್ನು ಕಾಕಾ ಹಾಡು ಕೇಳುವ ಖೋಲಿ ಮಾಡಿಕೊಂಡರು. ಒಂದೇ ಕುರ್ಚಿ. ಸದ್ದು ಮಾರ್ದನಿಸಬಾರದೆಂದು ಸುಮಿತ್ರಾ ಕಾಕು ಕೈಯಾರೆ ಹೊಲಿದ ಕೌದಿಗಳನ್ನೆಲ್ಲ ಗೋಡೆಗೆ ತೂಗುಹಾಕಿದ್ದರು.

"ಎಲ್ಲಾ ಕೌದಿ ಗ್ವಾಡಿಗೇ ಹೊಚ್ಚೀರಿ. ಥಂಡ್ಯಾಗ ನಾವೇನ್ ಹೊಚ್ಕೋಬೇಕು?" ಎಂದು ಕಾಕು ಕೇಳಿದರೆ, "ಮುಂಬೈದಾಗ ಥಂಡಿ ಎಲ್ಲದ ಮಾರಾಯ್ತಿ?" ಎಂದು ಕಾಕಾ.

ಒಂದು ದಿನ ನನ್ನನ್ನು ಕರೆದು, ತಮ್ಮ ಹಳೆಯ ಸ್ಪೀಕರುಗಳಲ್ಲಿ ಬಳೆಯ ಸದ್ದು ನಿಂತಿದೆ ಎಂದು ಘೋಷಿಸಿದರು. "ಮುದುಕ ಆಗ್ಯಾವ. ಬದಲಿ ಮಾಡ್ಬೇಕು."

ಯಾವ ಬಳೆ? ಅದೇ ಪೆನ್‌ಡ್ರೈವಿನ ಗುಟ್ಟು. ಮದುವೆಯಾದ ಹೊಸದರಲ್ಲಿ ಕಾಕಾ ಒಂದು ಟೇಪ್ ರೆಕಾರ್ಡರ್ ಕೊಂಡು, ಮೊದಲು ತುಂಬಿಕೊಂಡದ್ದು ಕಾಕು ಜೋಳದ ರೊಟ್ಟಿ ಬಡಿಯುವ ಸದ್ದನ್ನು. ಅಂಗೈಯ ಪಟಪಟ, ಹಿಟ್ಟಿನ ಸರಸರ, ಮೇಲೆ ಗಾಜಿನ ಬಳೆಗಳ ಕಿಣಿಕಿಣಿ. ಮುಂದೆ ಅದನ್ನು ಪೆನ್‌ಡ್ರೈವಿಗೆ ಹಾಕಿಸಿಕೊಂಡರು. "ಹಾಡು ಹಾಡಿದ್ದು ಎಲ್ಲೋ ಏನೋ, ಅಲ್ಲಿ ಹೆಂಗ ಕೇಳಸ್ತಿತ್ತು ಯಾರಿಗೆ ಗೊತ್ತು? ಭಕ್ರಿ ಬಡಿಯೂ ಮುಂದ ನಾ ಅಲ್ಲೇ ಮಣೀ ಮ್ಯಾಲೆ ಕೂತಿದ್ದೆ" ಎನ್ನುವುದು ಅವರ ತರ್ಕ. ಅಲ್ಲಗಳೆಯುವುದು ಕಷ್ಟ.

ಮೊದಲು ಹೋದದ್ದು ಕುರ್ಲಾದ ಅಂಗಡಿಗೆ. ಸೇಲ್ಸ್‌ಮನ್ ಕಣ್ಣು ಬಿಟ್ಟು, "ಅಂಕಲ್, ಯೇ ಕ್ಯಾ ಹೈ?" ಎಂದ.

"ಭಾಕರೀ ಹೈ. ಧ್ಯಾನ್ ಸೇ ಸುನೋ."

ಪಟಪಟ ಕೇಳಿತು. ಬಳೆಯೂ ಕೇಳಿತು, ಕಿವಿಯ ಹತ್ತಿರವೇ ಅಲ್ಲಾಡಿಸಿದ ಹಾಗೆ. ಕಾಕಾ ಕಣ್ಣು ಮುಚ್ಚಿ ಮೂರನೆಯ ರೊಟ್ಟಿಯವರೆಗೆ ಕೇಳಿ, ಕೈ ಎತ್ತಿ ನಿಲ್ಲಿಸಿದರು. ಯಾವಾಗಲೂ ಮೂರೇ ರೊಟ್ಟಿ. "ಬಳಿ ಎಲ್ಲವ? ಇಲ್ಲ. ನಿನಗೇನರ ಕೇಳ್ಸಿದ್ವೇನೋ?"

ಮೂವತ್ತು ವರ್ಷ ಕಾರ್ಖಾನೆಯ ಗದ್ದಲದಲ್ಲಿ ನಿಂತ ಕಿವಿ ಅದು. ಸವೆದದ್ದು ಸ್ಪೀಕರ್ ಅಲ್ಲ. ಆದರೆ ಆ ಕಿವಿಗೆ ಆ ಮಾತು ಹೇಳುವ ಧೈರ್ಯ ಯಾರಿಗಿತ್ತು? "ಇಲ್ಲ ಕಾಕಾ, ನನಗೂ ಕೇಳಲಿಲ್ಲ" ಎಂದುಬಿಟ್ಟೆ.

ಆ ಒಂದು ಸುಳ್ಳಿಗೆ ಆರು ತಿಂಗಳು ದಂಡ ತೆತ್ತೆ. ರವಿವಾರ ಬಂದರೆ ಲೋಕಲ್ ಹತ್ತುವುದು, ಅಂಗಡಿ ಹೊಗುವುದು, ಮೂರು ರೊಟ್ಟಿ ಕೇಳುವುದು, ತಲೆಯಾಡಿಸಿ ಬರುವುದು. ದೇವರಾಣೆ, ಕೊನೆಕೊನೆಗೆ ನನ್ನ ಕನಸಿನಲ್ಲೂ ಯಾರೋ ರೊಟ್ಟಿ ಬಡಿಯುತ್ತಿದ್ದರು.

ಕಡೆಗೆ ಕಾಕುವೇ ಸೀರೆ ಉಟ್ಟು ನಿಂತರು. "ನನ್ನ ಭಕ್ರಿ ಊರೆಲ್ಲಾ ಕೇಳೇದ. ನಾ ಒಮ್ಮಿನೂ ಕೂತ ಕೇಳಿಲ್ಲ. ನಾನೂ ಬರಾಕಿ."

ವಿಲೆ ಪಾರ್ಲೆಯ ಅಂಗಡಿ. ಪೆನ್‌ಡ್ರೈವ್ ಹಾಕಿದರು. ಕಾಕು ಬಾಯಿಗೆ ಸೆರಗು ಹಿಡಿದು ನಕ್ಕರು. "ಅಯ್ಯ! ಬಳಿ ಎಷ್ಟ ಛಂದ ಕೇಳಸ್ಲಿಕತ್ತಾವಲ್ರೀ! ಇವು ನಮ್ಮವ್ವ ಇಡಿಸಿದ್ದ ಹಸರ ಬಳಿ."

ಕಾಕಾ ಕಣ್ಣು ತೆರೆದರು. ಕಾಕುವನ್ನಲ್ಲ, ನನ್ನನ್ನು ನೋಡಿದರು. "ನಿನಗ?"

"ಕೇಳಸ್ತಾವ ಕಾಕಾ."

"ಕುರ್ಲಾದಾಗ?"

"ಅಲ್ಲೂ ಕೇಳಸಿದ್ವು."

ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಕಾಕಾ ಎದುರಿನ ಸ್ಪೀಕರಿಗೆ ಉಗುರಿನಿಂದ ಒಮ್ಮೆ ಟಕ್ಕೆಂದು ಬಡಿದರು. "ಅಂದ್ರ ಮಾಲು ಬರೋಬ್ಬರಿ ಅದ. ಬಿರುಕು ಇನ್‌ಸ್ಪೆಕ್ಟರನಾಗ ಅದ" ಎಂದರು. ಸೇಲ್ಸ್‌ಮನ್ ಕಡೆ ತಿರುಗಿ, "ಪ್ಯಾಕ್ ಕರೋ." ನನಗೂ ಶಿಕ್ಷೆ ಆಯಿತು: "ಸುಳ್ಳ ರಿಪೋರ್ಟ್ ಕೊಟ್ಟವಗ ಒಂದ ವಾರ ನಮ್ಮನ್ಯಾಗ ಚಹಾ ಬಂದ್." ಕಾಕು ಮರುದಿನವೇ ಗುಟ್ಟಾಗಿ ಕುಡಿಸಿದರು, ಆ ಮಾತು ಬೇರೆ.

ಆಮೇಲೆ ಆ ಖೋಲಿಗೆ ಎರಡನೆಯ ಕುರ್ಚಿ ಬಂತು. ಕಾಕು ಸೊಪ್ಪು ಸೋಸುತ್ತ ಕೂಡುತ್ತಿದ್ದರು. ನಡುನಡುವೆ ಕಾಕಾ, "ಬಳಿ ಬಂದ್ವೇನ?" ಎನ್ನುವುದು, ಕಾಕು ತಲೆ ಎತ್ತದೆ, "ಬಂದ್ವು" ಎನ್ನುವುದು. ಎದುರು ಮನೆಯಲ್ಲಿ ಕೂತು ನಾನು ಇದನ್ನು ಎಷ್ಟು ಸಲ ಕೇಳಿದ್ದೇನೋ.

ಹೋದ ವರ್ಷ ಬಿಲ್ಡಿಂಗ್ ಕೆಡವಿ ಹೊಸದು ಕಟ್ಟುವುದೆಂದಾಯಿತು. ನಾನು ಸ್ಟೇಷನ್ ಹತ್ತಿರ ಬಾಡಿಗೆ ಮನೆ ಹಿಡಿದೆ. ಕಾಕಾ-ಕಾಕು ಪುಣೆಗೆ, ಮಗಳ ಮನೆ ಪಕ್ಕದ ಸಣ್ಣ ಫ್ಲ್ಯಾಟಿಗೆ ಹೊರಟರು. ಹೊರಡುವ ಮುಂಜಾನೆ ಕಾಕಾ ಸ್ಪೀಕರುಗಳನ್ನು ನನ್ನ ಬಾಗಿಲಿಗೆ ತರಿಸಿದರು. ಆಮೇಲೆ ಅಂಗಿಯ ಗುಂಡಿ ಬಿಚ್ಚಿ ಪೆನ್‌ಡ್ರೈವನ್ನೂ ಬಿಡಿಸಿ ನನ್ನ ಅಂಗೈಯಲ್ಲಿಟ್ಟರು.

"ಕಾಕಾ, ಇದೂ?"

ಅವರು ಕಿವಿಗೆ ಹೊಸದಾಗಿ ಹಾಕಿಸಿಕೊಂಡ ಮಷಿನ್ ತೋರಿಸಿದರು. "ಈಗ ಖರೇ ಬಳಿನೇ ದಿನಾ ಮುಂಜಾನೆ ಕಿವಿ ತಿನ್ಲಿಕತ್ತಾವ. ಇದನ್ನ ತಗೊಂಡ ಏನ್ ಮಾಡ್ಲಿ?"

"ತಿನ್ನಲಾರದ ಏನ್ ಮಾಡ್ತಾವ, ಬರ್ರಿ ಇನ್ನ, ಗಾಡಿ ನಿಂತದ" ಎಂದು ಮೆಟ್ಟಿಲಿನಿಂದ ಕಾಕುವಿನ ದನಿ.

ಅವರು ಹೋದ ಮೇಲೆ ಒಂದು ರವಿವಾರ ಅದನ್ನು ಹಾಕಿದೆ. ಮೂರು ರೊಟ್ಟಿ ಮುಗಿದವು. ಕೈ ಎತ್ತಿ ನಿಲ್ಲಿಸುವವರು ಇರಲಿಲ್ಲವಾಗಿ ಅದು ಮುಂದೆ ಸಾಗಿತು. ಪಟಪಟ ನಿಂತಿತು. ಹರೆಯದ ಕಾಕುವಿನ ದನಿ: "ಹಿಟ್ಟ ತೀರಿತ್ರಿ. ಇನ್ನ ಉಣ್ಣಾಕ ಏಳ್ರಿ."

ಹರೆಯದ ಕಾಕಾ: "ಹಿಟ್ಟಿಲ್ಲದಿದ್ರ ಇಲ್ಲ. ಖಾಲಿ ಕೈಲೇ ಇನ್ನೊಂದ ಬಡಿ."

ಒಂದು ಕ್ಷಣ ಬಿಟ್ಟು, ಬರೀ ಬಳೆಗಳು ಕೇಳಿದವು.