ಗೇಟಿನಲ್ಲಿ ನಿಲ್ಲದ ಬೂದೆಪ್ಪ

ಹೈದರಾಬಾದಿನ ಗಚ್ಚಿಬೌಲಿಯ ನಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್ ಬೂದೆಪ್ಪ ಗಂಟೆಗೊಮ್ಮೆ ಗೇಟು ಬಿಟ್ಟು ಮಾಯವಾಗುವುದು ಯಾವುದೋ ಪ್ರೇಮಪ್ರಕರಣಕ್ಕಾಗಿ ಎಂದು ನಾನು ಎರಡು ವಾರ ನಂಬಿದ್ದೆ. ಅವನಿಗೆ ಅರವತ್ತೊಂದು; ಬಾಯಲ್ಲಿ ಒಂದೂ ಹಲ್ಲಿರಲಿಲ್ಲ. ಆದರೂ ನಂಬಿದೆ. ಅಸೋಸಿಯೇಷನ್ನಿನ ಅಧ್ಯಕ್ಷ ಸಿದ್ದರಾಮಪ್ಪನವರು ಗುಟ್ಟಾಗಿ ತನಿಖೆ ಮಾಡಲು ನನ್ನನ್ನು ನೇಮಿಸಿದ್ದರಲ್ಲ, ಅಂಥ ಹುದ್ದೆ ಸಿಕ್ಕ ಮೇಲೆ ಸಣ್ಣ ಕಾರಣಗಳು ಮನಸ್ಸಿಗೆ ಬರುವುದಿಲ್ಲ.

ಬೂದೆಪ್ಪ ಗುರುಮಠಕಲ್ ಕಡೆಯವನು. ಇದೇ ಕಟ್ಟಡದ ನಾಲ್ಕನೇ ಮಹಡಿಗೆ ಕಾಂಕ್ರೀಟು ಹೊತ್ತವನು. ಆಗ ಬೆಳಿಗ್ಗೆ ಎರಡು ಖಡಕ್ ಜೋಳದ ರೊಟ್ಟಿ ಅಗಿದು ಮೇಲೆ ಹತ್ತಿದರೆ ಮಧ್ಯಾಹ್ನ ಎರಡರವರೆಗೆ ಹೊಟ್ಟೆಯ ನೆನಪೇ ಇರುತ್ತಿರಲಿಲ್ಲವಂತೆ. ಕಟ್ಟಡ ಮುಗಿದ ಮೇಲೆ ಗೇಟಿನಲ್ಲೇ ಉಳಿದ. ಕಳೆದ ತಿಂಗಳು ಕೋಠಿಯ ದಂತವೈದ್ಯರು ಉಳಿದಿದ್ದ ಹಲ್ಲುಗಳನ್ನೆಲ್ಲ ಕಿತ್ತು, ಒಸಡು ಮಾಗಲಿ, ಎರಡು ತಿಂಗಳ ಮೇಲೆ ಹಲ್ಲಿನ ಸೆಟ್ಟು ಎಂದರು.

ಅಂದಿನಿಂದ ಅವನು ಕುರ್ಚಿಯಲ್ಲಿ ಐದು ನಿಮಿಷ ಕೂರಲಿಲ್ಲ. ಗೇಟಿನಿಂದ ಲಿಫ್ಟಿಗೆ, ಲಿಫ್ಟಿನಿಂದ ಗೇಟಿಗೆ, ನಡುವೆ ಮಾಯ. ಇನ್ನೊಮ್ಮೆ ಗೇಟು ಖಾಲಿ ಕಂಡರೆ ಕೆಲಸವೂ ಇಲ್ಲ, ಗೇಟಿನ ಪಕ್ಕದ ಖೋಲಿಯೂ ಇಲ್ಲ ಎಂದು ಸಿದ್ದರಾಮಪ್ಪನವರು ನೋಟಿಸು ಅಂಟಿಸಿದರು. ತೀರ್ಮಾನ ಭಾನುವಾರದ ಸಭೆಯಲ್ಲಿ.

ಶುಕ್ರವಾರ ಹಿಂಬಾಲಿಸಿದೆ. ಅವನು ನೇರ ತನ್ನ ಖೋಲಿಗೆ ಹೋಗಿ ತಂಬಿಗೆ ಎತ್ತಿ ಗಟಗಟ ಕುಡಿದ. ಹೆಂಡತಿ ಶಂಕ್ರಮ್ಮ ನನ್ನನ್ನು ಬಾಗಿಲಲ್ಲೇ ಹಿಡಿದಳು.

“ಬರ್ರಿ ಸಾಹೇಬ್ರ, ನೀವ ನೋಡ್ರಿ. ಎಂಟಕ್ಕ ಕುಡಿತಾನ, ಒಂಬತ್ತೂವರಿಗೆ ಮತ್ತ ಹಸಿವಿ ಅಂತಾನ. ಮೊದ್ಲಿನ ಅವ ಎರಡು ರೊಟ್ಟಿ, ಅದ ಬ್ಯಾಳಿ! ಮಿಕ್ಸಿಗೆ ಹಾಕಿ ನೀರು ಮಾಡಿದ್ರ ಹೊಟ್ಟಿಗೆ ಉಂಡದ್ದ ಗೊತ್ತಾಗವಲ್ದು.”

“ಮಿಕ್ಸಿಗೆ ಹಾಕು ಅಂತ ಯಾವ ಮೂರ್ಖ ಹೇಳಿದ?”

ಶಂಕ್ರಮ್ಮ ಮೂಲೆಯತ್ತ ಕೈ ತೋರಿಸಿದಳು. ಅಲ್ಲಿದ್ದ ಮಿಕ್ಸಿ ನಮ್ಮ ಮನೆಯದು. ಹಲ್ಲು ಕಿತ್ತ ದಿನ ಅದನ್ನು ದಾನ ಮಾಡಿ, ನುಣ್ಣಗಿದ್ದಷ್ಟೂ ಹೊಟ್ಟೆಗೆ ಹಿತ ಎಂದು ಅರ್ಧ ಗಂಟೆ ಉಪನ್ಯಾಸ ಕೊಟ್ಟವನು ನಾನೇ. ನಾನೂ ಬೆಳಿಗ್ಗೆ ಸೊಪ್ಪು ರುಬ್ಬಿದ ಹಸಿರು ನೀರು ಕುಡಿದು ಹತ್ತಕ್ಕೆ ಬಿಸ್ಕತ್ತಿನ ಡಬ್ಬಿ ಹುಡುಕುವವನು. ಎರಡಕ್ಕೂ ಸಂಬಂಧ ಹೊಳೆದಿರಲಿಲ್ಲ.

“ಹಲ್ಲಿಲ್ಲದವರು ಮತ್ತೇನು ತಿನ್ನಬೇಕಮ್ಮ?”

“ನಮ್ಮತ್ತಿಗೂ ಹಲ್ಲಿರಲಿಲ್ಲರಿ. ಜೋಳದ ನುಚ್ಚು ಗಟ್ಟಿ ಕುದಿಸಿ ಕೊಡ್ತಿದ್ದೆ. ಮೆತ್ತಗ ಇರ್ತೈತಿ, ಆದ್ರ ಕಾಳಕಾಳು. ನಾಲಗಿಲೆ, ಒಸಡಿಲೆ ಹೊಳ್ಳಿಸಿ ಹೊಳ್ಳಿಸಿ ನುಂಗಬೇಕು. ಸಾವಕಾಶ ಇಳಿತೈತಿ. ದೊಡ್ಡವ್ರು ಹೇಳ್ಯಾರ ಅಂತ ನಿಮ್ಮ ಮಾತು ಕೇಳಿದ್ವಿ.”

ಮಿಕ್ಸಿಯನ್ನು ಬಗಲಲ್ಲಿ ಇಟ್ಟುಕೊಂಡು ಮನೆಗೆ ಬಂದೆ.

ಭಾನುವಾರ ಒಂಬತ್ತಕ್ಕೆ ಗೇಟಿನ ಪಕ್ಕದಲ್ಲೇ ಸಭೆ. ಬೂದೆಪ್ಪ ಎಂಟಕ್ಕೆ ನುಚ್ಚು ಉಂಡು ತನ್ನ ಕುರ್ಚಿಯಲ್ಲಿ ಕುಳಿತಿದ್ದ. ತಪ್ಪು ನನ್ನದೆಂದು ಮಿಕ್ಸಿಯ ಕಥೆ ಹೇಳಿದೆ, ಯಾರೂ ನಂಬಲಿಲ್ಲ. ಸಿದ್ದರಾಮಪ್ಪನವರು ಶಿಸ್ತಿನ ಬಗ್ಗೆ ಶುರು ಮಾಡಿದರು. ನನ್ನ ಕಣ್ಣು ಬೂದೆಪ್ಪನ ಕಾಲುಗಳ ಮೇಲೆ. ಒಂಬತ್ತೂವರೆ ಆಯಿತು, ಏಳಲಿಲ್ಲ. ಹತ್ತೂವರೆ, ಏಳಲಿಲ್ಲ. ಅಷ್ಟರಲ್ಲಿ ನಾನೇ ಎರಡು ಸಲ ಎದ್ದು ಬಿಸ್ಕತ್ತು ತಿಂದು ಬಂದಿದ್ದೆ. ಶಿಸ್ತು ಮುಗಿದಾಗ ಹನ್ನೊಂದೂವರೆ.

ಸಿದ್ದರಾಮಪ್ಪನವರು ಕನ್ನಡಕ ತೆಗೆದರು. “ಈಗ ಹೊಟ್ಟಿ ತುಂಬತೈತಿ, ಗೇಟ್ ಬಿಟ್ಟು ಹೋಗಂಗಿಲ್ಲ ಅಂತ ಇವ್ರು ಹೇಳ್ತಾರಲ್ಲೋ ಬೂದೆಪ್ಪ, ಅದಕ್ಕ ಪುರಾವೆ ಏನೈತಿ?”

“ನಿಮ್ಮ ಭಾಷಣ ಪೂರಾ ಕುಂತು ಕೇಳೀನಲ್ರಿ,” ಎಂದ ಬೂದೆಪ್ಪ.