ಬರಿಗೈಗೆ ಬಂದ ಗಂಟೆ

ಶರಣ ಬಂಧುಗಳೇ, ಕಾರಹುಣ್ಣಿಮೆಗೆ ಮುಂಚಿನ ಸಂತೆಯ ದಿನ ನನ್ನ ಮಗಳು ನೀಲವ್ವ ಕಾಣೆಯಾದಳು. ಏಳು ವರ್ಷದ ಕೂಸು. ಭಾಲ್ಕಿಯ ಬಾವಿಗಳಿಗೆಲ್ಲ ಪಾತಾಳಗರಡಿ ಇಳಿಸಿ ನೋಡಿದೆವು. ಅದು ಬರಿದಾಗಿ ಮೇಲೆ ಬಂದಾಗಲೆಲ್ಲ ನನಗೆ ಉಸಿರು ತಿರುಗುತ್ತಿತ್ತು.

ನಾನು ದನದ ದಲಾಲಿ. ಅಪ್ಪ ಬಿಟ್ಟುಹೋದದ್ದು ಒಂದು ಕಂಬಳಿ, ಉಳಿದದ್ದು ನನ್ನ ಬೆರಳುಗಳ ಗಳಿಕೆ. ನಮ್ಮ ಸಂತೆಯಲ್ಲಿ ಬೆಲೆಯನ್ನು ಬಾಯಿಂದ ಹೇಳುವುದಿಲ್ಲ. ಶಲ್ಯದ ಕೆಳಗೆ ಕೈ ಹಿಡಿದು, ಬೆರಳು ಒತ್ತಿ ಹೇಳುತ್ತೇವೆ. ಆ ಬೆಳಿಗ್ಗೆ ನಮ್ಮ ಮನೆಯ ಹಸು ಗೌರಿಯನ್ನೂ ಹಾಗೆಯೇ ಠಾಣಾ ಕುಶನೂರಿನ ಒಬ್ಬ ರೈತನಿಗೆ ಮಾರಿದ್ದೆ. ಹಗ್ಗ, ಗಂಟೆ ಬಿಚ್ಚಿಕೊಂಡು ಮನೆಯ ಗೂಟಕ್ಕೆ ಹಾಕಿದೆ. ಅವನ್ನೂ ಕೊಟ್ಟರೆ ಮನೆಯ ಭಾಗ್ಯ ದನದ ಹಿಂದೆ ಹೋಗುತ್ತದೆಂದು ನಮ್ಮ ಕಡೆಯ ನಂಬಿಕೆ.

ಕೂಸಿಗೆ ಬೀದರಿನ ಸೋದರತ್ತೆ ಎಂದರೆ ಪ್ರಾಣ. ಅಲ್ಲಿಗೇ ಯಾರದೋ ಬಂಡಿ ಹತ್ತಿರಬೇಕೆಂದು ಲೆಕ್ಕ ಹಾಕಿ ಬೀದರಿಗೆ ಓಡಿದೆ. ತಂಗಿಯ ಮನೆಯಲ್ಲಿ ಇರಲಿಲ್ಲ. ಕೋಟೆಯ ಬಾಗಿಲು, ಅಷ್ಟೂರಿನ ಗುಂಬಜುಗಳು, ಎಲ್ಲ ಕಡೆ ಹುಡುಕಿದೆ. ಹೆಜ್ಜೆಗೊಂದು ಹರಕೆ ಬಸವಣ್ಣನಿಗೆ ಹೊತ್ತೆ. ಬೆಳ್ಳಿಯ ಕಳಸ ಎಂದೆ. ಸಿಗದಾಗ ದಾಸೋಹವನ್ನೂ ಸೇರಿಸಿದೆ.

ತಂಗಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, "ಅಣ್ಣಾ, ಬಸವಣ್ಣನ ಕೂಡನೂ ಸಂತಿ ಹಚ್ಚೀರೇನ್ರಿ?" ಎಂದಳು.

ಮರುದಿನ ಮಧ್ಯಾಹ್ನ ಅವಳ ಕಟ್ಟೆಯ ಮೇಲೆ ಒರಗಿದಾಗ ಕಣ್ಣು ಹತ್ತಿತು. ಕನಸಿನಲ್ಲಿ ಒಂದು ಕಟ್ಟಡ. ಹೊರಗೆ ಬೀದರಿನ ಹಳೆಯ ಮದರಸಾದಂತೆ ಬಣ್ಣದ ಹಂಚು. ಒಳಗೆ ನಮ್ಮ ಮನೆಯ ಪಡಸಾಲೆ. ಒಂದು ಬಾಗಿಲು ದಾಟಿ ಹಿಂತಿರುಗಿದರೆ ಬಂದ ಕೋಣೆಯೇ ಇಲ್ಲ. ಮೆಟ್ಟಿಲು ಹತ್ತಿದರೆ ಕೆಳಗಿನ ಅಂಗಳಕ್ಕೇ ಬರುತ್ತಿದ್ದೆ. ಪ್ರತಿ ಬಾಗಿಲಲ್ಲೂ ಅದೇ ಮುದುಕ, ಶಲ್ಯದ ಕೆಳಗೆ ಕೈ ಚಾಚಿ ಕುಳಿತಿದ್ದ. ನಾನು ಬೆರಳು ಒತ್ತಿ ಕಳಸ ಎನ್ನುತ್ತಿದ್ದೆ, ದಾಸೋಹ ಎನ್ನುತ್ತಿದ್ದೆ. ಅವನು ಕೈ ಬಿಡುತ್ತಿದ್ದ. ಗೋಡೆ ಸರಿದು ಬಾಗಿಲನ್ನು ನುಂಗುತ್ತಿತ್ತು.

ಕೊನೆಗೆ ಕೊಡಲು ಏನೂ ನೆನಪಾಗಲಿಲ್ಲ. ಬೆರಳು ಒತ್ತದೆ ಅಂಗೈಯನ್ನು ಸುಮ್ಮನೆ ಶಲ್ಯದೊಳಗೆ ಇಟ್ಟೆ. ಅದರಲ್ಲಿ ತಣ್ಣಗಿನದೇನೋ ಕುಳಿತಿತು. ಅಂಚು ಸೀಳಿದ ಕಂಚಿನ ಗಂಟೆ. ಬಾಗಿಲುಗಳೆಲ್ಲ ಒಂದೇ ಸಾಲಿಗೆ ನಿಂತು ತೆರೆದವು.

ಎದ್ದು ಕುಳಿತೆ. ಅದು ಗೌರಿಯ ಗಂಟೆ. ದಿನಾ ಅದನ್ನು ಕಟ್ಟುತ್ತಿದ್ದವಳು ನೀಲವ್ವ. ಹಸು ಹೋದ ದಾರಿಯಲ್ಲಿ ನಾವು ಯಾರೂ ಹುಡುಕಿರಲಿಲ್ಲ. ಕನಸನ್ನು ತಂಗಿಗೆ ಹೇಳಿದೆ.

"ಕನಸಿಗಿ ಬಂಡಿ ಹೂಡ್ತೀರೇನಣ್ಣಾ?"

"ಹೂಡ್ತೇನವ್ವಾ. ಎಚ್ಚರಿದ್ದು ಹುಡುಕಿ ಏನ್ ಸಿಕ್ಕದ?"

ಔರಾದಿನ ದಾರಿ ಹಿಡಿದೆ. ಮರುದಿನ ಠಾಣಾ ಕುಶನೂರಿನ ಹೊಲದ ಅಂಚಿನಲ್ಲೇ ಆ ಸೀಳು ದನಿ ಕೇಳಿಸಿತು. ಗೌರಿ ಮೇಯುತ್ತಿತ್ತು. ಬೇವಿನ ನೆರಳಿನ ಹೊರಸಿನ ಮೇಲೆ ನನ್ನ ಕೂಸು ಮಲಗಿತ್ತು.

ಹಸು ಕೊಂಡ ರೈತ ಎದ್ದು ಬಂದ. "ಅರ್ಧ ದಾರಿ ಮುಗದ ಮ್ಯಾಲ ಹಿಂದ ನೋಡ್ತೇನ್ರಿ, ಗಂಟಿ ಹಿಡಕೊಂಡು ಈಕಿ ಬರ್ಲಿಕತ್ತಾಳ. ಮನಿ ಮುಟ್ಟೂದ್ರಾಗ ಮೈ ಕಾದ ಹಂಚ ಆಗಿತ್ತು. ಜ್ವರ ಇಳಿಲಿ, ನಾನೇ ಕರಕೊಂಡು ಬರ್ತೇನಿ ಅಂತಿದ್ದೆ."

ಅವನ ಹೆಂಡತಿ ನಕ್ಕಳು. "ಜ್ವರದಾಗೂ ಹಸುವಿಗಿ ನೀರ್ ಕುಡಿಸೀರೇನು ಅಂತ ಕೇಳ್ತಾಳ್ರಿ. ದಲಾಲಿ ಮಗಳು ಖರೆ."

ನೀಲವ್ವ ಕಣ್ಣು ಬಿಟ್ಟಳು. "ಗೌರಿ ಗಂಟಿ ಮರೆತು ಹೋಗಿತ್ತಪಾ. ಕೊಡ್ಲಿಕ್ಕ ಬಂದೆ."

ರೈತ ಗಂಟೆ ಬಿಚ್ಚಲು ಹೋದ. "ತಗೋರಿ, ನಿಮ್ಮ ಮನಿ ಭಾಗ್ಯ ನಮಗ್ಯಾಕ್ರಿ?"

"ಇರಲಿ ಬಿಡೋ ತಮ್ಮಾ" ಎಂದೆ.

ಬಂಧುಗಳೇ, ವ್ಯಾಪಾರಸ್ಥನ ಮಾತು ಕೇಳಿ. ಸಂತೆಯಲ್ಲಿ ಚೌಕಾಸಿ ಮಾಡಿ, ಬಿಡಬೇಡಿ. ಬಸವಣ್ಣನ ಮುಂದೆ ಮಾತ್ರ ಬೆರಳು ಒತ್ತಬೇಡಿ, ಅಂಗೈ ಇಡಿ. ಹೊತ್ತ ಹರಕೆಗಳನ್ನೆಲ್ಲ ತೀರಿಸಿದೆ. ಅದು ಬೆಲೆಯಲ್ಲ, ಸಂತೋಷ.

ಗಂಟೆ ಕೊಟ್ಟರೆ ಮನೆಯ ಭಾಗ್ಯ ದನದ ಹಿಂದೆ ಹೋಗುತ್ತದೆ ಎನ್ನುತ್ತಾರೆ. ಹೋದದ್ದು ನಿಜ. ತಿರುಗಿ ಬರುವಾಗ ಬಂಡಿಯಲ್ಲಿ, ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿತ್ತು.