ಬ್ರಾಕೆಟ್ಟಿಗೆ ಬೆಳ್ಳಿ ಬಣ್ಣ

ನಮ್ಮ ಕಾರು ಸ್ಟಾರ್ಟ್ ಆಗದಿದ್ದಾಗ ಮಾಡುವ ಸದ್ದನ್ನು ನಾನು ಬಹಳ ಚೆನ್ನಾಗಿ ಅನುಕರಿಸುತ್ತೇನೆ. ಮೊದಲು ‘ಕ್ರೂಂ’, ಆಮೇಲೆ ‘ಕ್ರೂ’, ಕೊನೆಗೆ ನೆಗಡಿಯಾದ ಮೇಷ್ಟ್ರು ಗಂಟಲು ಸರಿಮಾಡಿಕೊಂಡಂತೆ ‘ಕ್ಕ್’. ಕಳೆದ ವರ್ಷ ದಸರೆ ಮುಗಿದ ಮೇಲೆ ಆ ಸದ್ದು ದಿನಾ ಬೆಳಿಗ್ಗೆ ಅರಸೀಕೆರೆಯ ನಮ್ಮ ಬೀದಿಗೆಲ್ಲ ಕೇಳುತ್ತಿತ್ತು. ಕಾರು ಹೊರಗೆ, ನಾನು ಒಳಗೆ. “ಇಬ್ರಲ್ಲಿ ಒಬ್ರಾದ್ರೂ ನಿಲ್ಲಿಸ್ರಪ್ಪ” ಎನ್ನುತ್ತಿದ್ದರು ಅಪ್ಪ.

ಆದರೆ ಆ ವಾರ ಅಪ್ಪ ನಗುವ ಸ್ಥಿತಿಯಲ್ಲಿರಲಿಲ್ಲ. ಹಳೇಬೀಡಿಗೆ ಕೊಟ್ಟ ಅಕ್ಕನಿಗೆ ಏಳು ತಿಂಗಳು ತುಂಬಿತ್ತು. ಶುಕ್ರವಾರ ಹೋಗಿ ಅವಳನ್ನು ಹೆರಿಗೆಗೆ ಕರೆತರಬೇಕಿತ್ತು. “ನಾನೇ ಬಿಟ್ಟು ಹೋಗ್ತೀನಿ ಮಾವ” ಎಂದು ಭಾವ ಫೋನ್ ಮಾಡಿದ್ದರು. ಅಪ್ಪ ಒಪ್ಪಲಿಲ್ಲ. ಕರೆತರುವವರು ತವರಿನವರು, ಬರುವುದು ಈ ಕಾರಿನಲ್ಲಿ. ಅಕ್ಕ ಡ್ರೈವಿಂಗ್ ಕಲಿತದ್ದು ಇದರಲ್ಲಿ, ನಮ್ಮ ಗೇಟಿಗೆ ಗುದ್ದಿದ್ದು ಇದರಲ್ಲಿ, ಮದುವೆಯಾಗಿ ಹೊರಟದ್ದೂ ಇದರಲ್ಲೇ. ಅಮ್ಮ ಮಾತ್ರ ಕಡ್ಡಿ ಮುರಿದಂತೆ ಹೇಳಿಬಿಟ್ಟರು: “ಗುರುವಾರದೊಳ್ಗೆ ಸರಿಯಾದ್ರೆ ಸರಿ. ಇಲ್ದಿದ್ರೆ ಬಾಡಿಗೆ ಕಾರು. ಬಸುರಿ ಹೆಂಗಸನ್ನ ಜಾವಗಲ್ ದಾರೀಲಿ ಇಳಿಸಿ ಗಾಡಿ ತಳ್ಕೊಂಡು ಕೂತ್ಕೊಳಕ್ಕಾಗಲ್ಲ.”

ಬ್ಯಾಟರಿ ಹೊಸದು. ಆದರೂ ಚಾರ್ಜ್ ನಿಲ್ಲುತ್ತಿರಲಿಲ್ಲ. ಇಂಜಿನ್ ಓಡುವಾಗ ಬ್ಯಾಟರಿಗೆ ಕರೆಂಟು ತುಂಬುವುದು ಆಲ್ಟರ್ನೇಟರ್‌ನ ಕೆಲಸ. ಹಳೆಯದು ಹಬ್ಬಕ್ಕೆ ಮೊದಲೇ ಸುಟ್ಟಿತ್ತು. ಕಂಪನಿಯದು ಬರುವುದು ತಡವೆಂದು ಬೇರೆ ಯಾರೋ ಮಾಡಿದ್ದನ್ನು ನಾನು ಮೊಬೈಲಿನಲ್ಲಿ ಹುಡುಕಿ ತರಿಸಿದ್ದೆ. ಹೀಗಾಗಿ ಅಪರಾಧಿ ಯಾರೆಂಬುದು ನಮ್ಮ ಮನೆಯಲ್ಲಿ ಮೊದಲ ದಿನವೇ ತೀರ್ಮಾನವಾಗಿತ್ತು: ಆ ಆಲ್ಟರ್ನೇಟರ್, ಮತ್ತು ನಾನು. “ಇಬ್ರೂ ಡೂಪ್ಲಿಕೇಟು” ಎಂದರು ಅಮ್ಮ. ಊರವರ ದನಿಯನ್ನೆಲ್ಲ ತೆಗೆಯುವ ಮಗನ ಬಗ್ಗೆ ಅದು ತೀರಾ ಸುಳ್ಳೂ ಅಲ್ಲ.

ಬುಧವಾರ ಹಾರನಹಳ್ಳಿಯಿಂದ ಎಲೆಕ್ಟ್ರಿಷಿಯನ್ ಅಣ್ಣ ಬಂದರು. ಇದನ್ನು ಕೂರಿಸಿದ್ದು ಅವರೇ. ಯಾವ ಮಾತನ್ನೂ “ನಾನ್ ಅವತ್ತೇ ಹೇಳ್ದೆ” ಎಂದೇ ಶುರುಮಾಡುವ ಮನುಷ್ಯ, ಅವತ್ತು ಹೇಳಿರಲಿ ಬಿಡಲಿ. ಅವರು ಟೀ ಕುಡಿಯುವಷ್ಟರಲ್ಲಿ ನಾನು ಇಂಜಿನ್ ಚಾಲೂ ಮಾಡಿಸಿ ನನ್ನ ಮೀಟರ್ ಹಿಡಿದು ನಿಂತೆ. ಅದರ ಕಪ್ಪು ವೈರನ್ನು ಇಲಿ ಕಡಿದು ಮೋಟು ಮಾಡಿತ್ತು, ಬ್ಯಾಟರಿಯವರೆಗೆ ಎಟುಕಲಿಲ್ಲ. ಅದಕ್ಕೇ ಕೆಂಪನ್ನು ಆಲ್ಟರ್ನೇಟರ್‌ನ ಬೋಲ್ಟಿಗೆ, ಕಪ್ಪನ್ನು ಅದರ ಮೈಗೇ ಮುಟ್ಟಿಸಿದೆ. ಹದಿನಾಲ್ಕು ವೋಲ್ಟ್ ದಾಟಿತು.

“ನೋಡಿ, ನನ್ನ ಮಾಲು ಚಿನ್ನ” ಎಂದೆ.

ಅಣ್ಣ ತಮ್ಮ ಮೀಟರನ್ನು ಬ್ಯಾಟರಿಗೇ ಹಿಡಿದರು. ಹನ್ನೆರಡು ಚಿಲ್ಲರೆ. “ನಾನ್ ಅವತ್ತೇ ಹೇಳ್ದೆ, ಇದು ಲೋಕಲ್ಲು ಅಂತ. ನಿನ್ ಮೀಟ್ರೂ ನಿನ್ನಂಗೇ ಕಣ್ಲಾ, ಯಾರ್ ಮುಂದೆ ನಿಂತ್ರೆ ಅವ್ರಂಗೆ ಮಾತಾಡ್ತೈತೆ.”

“ಅಂಗಾದ್ರೆ ನಿಮ್ದು ‘ಅವತ್ತೇ ಹೇಳ್ದೆ’ ಅನ್ನಬೇಕಿತ್ತಲ್ಲಣ್ಣ” ಎಂದು ಅವರ ದನಿಯಲ್ಲೇ ಅಂದೆ. ಅಪ್ಪ ಮುಖ ತಿರುಗಿಸಿ ನಕ್ಕರು. ಅಣ್ಣನೂ ನಕ್ಕರು. ಆಮೇಲೆ ಮೀಟರುಗಳನ್ನು ಅದಲುಬದಲು ಮಾಡಿ ನೋಡಿದೆವು. ಯಾವುದೂ ಸುಳ್ಳು ಹೇಳುತ್ತಿರಲಿಲ್ಲ. ಆಲ್ಟರ್ನೇಟರ್ ಹದಿನಾಲ್ಕು ಹುಟ್ಟಿಸುತ್ತಿತ್ತು, ಬ್ಯಾಟರಿಗೆ ಹನ್ನೆರಡೇ ತಲುಪುತ್ತಿತ್ತು. ಎರಡು ವೋಲ್ಟ್ ದಾರಿಯಲ್ಲಿ ಎಲ್ಲೋ ಮಾಯ.

ಕೆಂಪು ಕಡೆಯ ವೈರು ಸರಿಯಿತ್ತು. ಅಣ್ಣ ಮೀಟರಿನ ಒಂದು ತುದಿಯನ್ನು ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದನ್ನು ಆಲ್ಟರ್ನೇಟರ್‌ನ ಮೈಗೆ ಇಟ್ಟರು. ಎರಡೂ ಅರ್ಥ್, ಕರೆಂಟು ಮರಳುವ ದಾರಿ ತಾನೆ, ನಡುವೆ ಸೊನ್ನೆ ಬರಬೇಕು. ಎರಡು ವೋಲ್ಟ್ ಬಂತು. ಅವರು “ನಾನ್ ಅವತ್ತೇ” ಎಂದವರು ಅಲ್ಲಿಗೇ ನಿಂತರು. ಅವತ್ತು ಇದನ್ನು ಯಾರೂ ಹೇಳಿರಲಿಲ್ಲ.

ಜಂಪರ್ ಕೇಬಲ್ ತಂದು ಆಲ್ಟರ್ನೇಟರ್‌ನ ಮೈಯನ್ನು ನೇರ ಮೈನಸ್ಸಿಗೆ ಸೇರಿಸಿದೆವು. ಬ್ಯಾಟರಿ ಹದಿನಾಲ್ಕಕ್ಕೆ ಏರಿತು. ಹಾಗಾದರೆ ಆಲ್ಟರ್ನೇಟರ್ ಕೂತಿರುವ ಕಬ್ಬಿಣದ ಬ್ರಾಕೆಟ್ಟಿನಲ್ಲೇ ಅಡ್ಡಿ. ಇಂಜಿನ್ ನಿಲ್ಲಿಸಿ ಬಿಚ್ಚಿದೆವು. ಬ್ರಾಕೆಟ್ ಮೇಲೆ, ಕೆಳಗೆ, ತೂತುಗಳ ಒಳಗೂ ಬೆಳ್ಳಗೆ ಮಿಂಚುತ್ತಿತ್ತು.

“ಬೆಳ್ಳಿ ಬಣ್ಣ ಯಾರ್ ಹೊಡುದ್ರು ಇದ್ಕೆ?” ಎಂದರು ಅಣ್ಣ, ಅವತ್ತು ಕೂರಿಸುವಾಗ ತಾವೇ ಗಮನಿಸದವರು.

ಅಪ್ಪ ತೆಂಗಿನ ಮರದ ತುದಿ ನೋಡತೊಡಗಿದರು.

ನಮ್ಮ ಕೊಬ್ಬರಿ ಮಂಡಿಯಲ್ಲಿ ಆಯುಧಪೂಜೆಗೆ ಅಪ್ಪ ಬಣ್ಣ ಹೊಡೆಯದ ಕಬ್ಬಿಣವಿಲ್ಲ. ತಕ್ಕಡಿ, ಕಾಯಿ ಸುಲಿಯುವ ಸಲಾಕೆ, ಷಟರು, ಎಲ್ಲಕ್ಕೂ ಬೆಳ್ಳಿ ಬಣ್ಣ, ಆಮೇಲೆ ಮೂರು ಪಟ್ಟೆ ವಿಭೂತಿ. ನಾನು ತರಿಸಿದ ಆಲ್ಟರ್ನೇಟರ್‌ನಲ್ಲಿ ಬೋಲ್ಟ್ ಕೂರುವ ಕಿವಿ ಹಳೆಯದಕ್ಕಿಂತ ದಪ್ಪ. ಅದಕ್ಕಾಗಿ ಬ್ರಾಕೆಟ್ ಲೇತ್ ಅಂಗಡಿಗೆ ಹೋಗಿ, ಉಜ್ಜಿಸಿಕೊಂಡು, ಹಬ್ಬದ ಹಿಂದಿನ ದಿನ ಮನೆ ಜಗುಲಿಗೆ ಬಂದು ಕೂತಿತ್ತು. ಅಪ್ಪನ ಕೈಯಲ್ಲಿ ಬ್ರಷ್ಷಿತ್ತು.

“ಹಬ್ಬದ ಹೊತ್ನಲ್ಲಿ ಅದೊಂದೇ ಕರ್ರಗೆ ಕೂತಿತ್ತು ಕಣೋ” ಎಂದರು ಅಪ್ಪ, ಕೂಸಿಗೆ ಬಟ್ಟೆ ತೊಡಿಸಿದವರಂತೆ. “ಕಾಣದ ಕಡೆ ಬಿಟ್ರೆ ದೇವ್ರಿಗೆ ಕಾಣಲ್ವ ಅಂತ ಒಳಗೂ ಹೊಡುದೆ.”

“ದೇವ್ರಿಗೆ ಕಂಡಿರ್ತೈತೆ ಯಜಮಾನ್ರೇ. ಕರೆಂಟಿಗೆ ದಾರಿ ಕಾಣ್ಲಿಲ್ಲ” ಎಂದರು ಅಣ್ಣ.

ಎಮರಿ ಪೇಪರನ್ನು ಅಪ್ಪ ಯಾರಿಗೂ ಕೊಡಲಿಲ್ಲ. ಪಂಚೆ ಎತ್ತಿ ಕಟ್ಟಿ ಜಗುಲಿಯ ಮೇಲೆ ಕೂತು, ಬ್ರಾಕೆಟ್ ತಾಗುವ ಜಾಗದ ಬಣ್ಣವನ್ನೆಲ್ಲ ತಾವೇ ಉಜ್ಜಿ ತೆಗೆದರು. ಕಾಣುವ ಕಡೆಯದನ್ನು ಮಾತ್ರ ಉಳಿಸಿಕೊಂಡರು. ಅಣ್ಣ ಅದನ್ನು ಮತ್ತೆ ಕೂರಿಸಿದಾಗ ಬ್ಯಾಟರಿಯಲ್ಲೇ ಹದಿನಾಲ್ಕು ಬಂತು. ಅಮ್ಮ ಬಾಗಿಲಲ್ಲಿ ನಿಂತು ನೋಡಿ, ಬಾಡಿಗೆ ಕಾರಿನವನಿಗೆ ಬೇಡವೆಂದು ಫೋನ್ ಮಾಡಿದರು. ನನಗೆ ಕ್ಷಮೆ ಸಿಗಲಿಲ್ಲ. ಕಾಫಿ ಜೊತೆ ಎರಡು ಕೋಡುಬಳೆ ಸಿಕ್ಕವು.

ಶುಕ್ರವಾರ ಜಾವಗಲ್ ದಾರಿಯುದ್ದಕ್ಕೂ ಅಪ್ಪ ಹಾಡುಹಗಲಲ್ಲಿ ಹೆಡ್‌ಲೈಟ್ ಉರಿಸಿಕೊಂಡೇ ಓಡಿಸಿದರು, ಎಸಿಯನ್ನೂ ಹಾಕಿಕೊಂಡು. ಎದುರು ಬಂದವರೆಲ್ಲ ಕೈ ತೋರಿಸಿ ನೆನಪಿಸಿದರು. ಅಪ್ಪ ಎಲ್ಲರಿಗೂ ನಮಸ್ಕಾರ ಮಾಡಿದರು.

ಹಳೇಬೀಡಿನ ಕೆರೆ ಏರಿ ದಾಟಿ ಬೀಗರ ಮನೆ ಮುಂದೆ ನಿಂತೆವು. ತಿಂಗಳಿಂದ ಎಲ್ಲಿ ಹೋದರೂ ಇಂಜಿನ್ ಆಫ್ ಮಾಡುವ ಧೈರ್ಯವಿಲ್ಲದೆ ಗುರುಗುಟ್ಟಿಸಿಕೊಂಡೇ ಇರುತ್ತಿದ್ದ ಅಪ್ಪ, ಜಗುಲಿಯಲ್ಲಿ ನಿಂತ ಭಾವನನ್ನೊಮ್ಮೆ ನೋಡಿ, ಕೀಲಿ ತಿರುಗಿಸಿ ಕಿತ್ತು ಜೇಬಿಗೆ ಹಾಕಿಕೊಂಡರು. ಊಟ ನಿಧಾನವಾಗಿ ಮಾಡಿದರು, ಹೋಳಿಗೆಗೆ ಮತ್ತೆ ತುಪ್ಪ ಹಾಕಿಸಿಕೊಂಡರು.

ಅಕ್ಕ ಹೊಟ್ಟೆ ಹಿಡಿದುಕೊಂಡು ಮುಂದಿನ ಸೀಟಿನಲ್ಲಿ ಕೂತಳು. ಅಪ್ಪ ಕೀಲಿ ಹಾಕಿದರು. ಹಿಂದಿನಿಂದ ನಾನು ಮೆಲ್ಲಗೆ ‘ಕ್ಕ್’ ಎಂದೆ. ಅಪ್ಪನ ಕೈ ಕೀಲಿಯ ಮೇಲೇ ನಿಂತಿತು. ಅಕ್ಕ ತಿರುಗಿಯೂ ನೋಡದೆ ಕೈ ಹಿಂದಕ್ಕೆ ಚಾಚಿ ನನ್ನ ತಲೆಗೊಂದು ಕೊಟ್ಟಳು. “ಅಪ್ಪ, ಅದು ಇವನು. ನೀವು ಸ್ಟಾರ್ಟ್ ಮಾಡಿ.”

ಒಂದೇ ಸಲಕ್ಕೆ ಕಾರು ಸ್ಟಾರ್ಟ್ ಆಯಿತು.